ಕಾರ್ಡು ನನ್ನ ಫೈಲಿನಲ್ಲಿತ್ತು

ಮೊದಲ ನಾಲ್ಕು ದಿನ ನಾನು ಮಾವ್ಶಿಯ ಜೊತೆ ಮರಾಠಿಯಲ್ಲೇ ಒದ್ದಾಡಿದೆ. ಪುಣೆಯಲ್ಲಿ ಮನೆಕೆಲಸಕ್ಕೆ ಬರುವ ಸ್ವಲ್ಪ ವಯಸ್ಸಾದ ಹೆಂಗಸರೆಲ್ಲ ಮಾವ್ಶಿಯರೇ, ಅಂದರೆ ಚಿಕ್ಕಮ್ಮಂದಿರೇ. ಬಾಣಂತಿಗೂ ಕೂಸಿಗೂ ಎಣ್ಣೆ-ನೀರು ಮಾಡಲು ಬರುವವರೂ ಅಷ್ಟೇ. "ಪಾಣಿ ಗರಮ್ ಆಹೇ ಕಾ ಮಾವ್ಶಿ?" ಅಂತ ನಾನು, "ಹೋ" ಅಂತ ಅವರು. ಅದಕ್ಕಿಂತ ಮುಂದೆ ನಮ್ಮ ಮಾತು ಹೋಗುತ್ತಿರಲಿಲ್ಲ.

ಐದನೇ ದಿನ ನನ್ನ ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ತಾನೇ ಗೊಣಗಿದಳು: "ನೀರು ಭಾಳ ಸುಡ್ಲಿಕ್ಕತ್ತಾವ. ಕೂಸಿನ ಮೈಗೆ ಬೊಬ್ಬಿ ಏಳ್ತಾವ ನೋಡು."

ಮಾವ್ಶಿ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದರು. ಮಗು ಅವರ ಎರಡೂ ಕಾಲುಗಳ ನಡುವೆ ಬೋರಲು ಮಲಗಿತ್ತು. ತಲೆ ಎತ್ತದೇ ಹೇಳಿದರು: "ಮೊಣಕೈ ಹಾಕಿ ನೋಡೀನ್ರಿ ಅಮ್ಮಾರ. ಸುಡಂಗಿಲ್ಲ."

ಅವ್ವನಿಗೆ ಒಂದು ಕ್ಷಣ ಮಾತೇ ಬರಲಿಲ್ಲ. ಆಮೇಲೆ, "ಅಯ್ಯ, ಕನ್ನಡದಾಕೀ ಏನವಾ ನೀ?"

"ಹೌದ್ರಿ. ಸುರಪುರ ಬಲ್ಲಿ ಹಳ್ಳಿ ಅದರಿ ನಮ್ಮದು."

ಅವತ್ತಿನಿಂದ ನಮ್ಮ ಬಚ್ಚಲಲ್ಲಿ ಧಾರವಾಡ ಮತ್ತು ಯಾದಗಿರಿ ಸೇರಿ ಗದ್ದಲವೋ ಗದ್ದಲ. ಆದರೂ 'ಮಾವ್ಶಿ' ಅನ್ನೋದು ನನ್ನ ಬಾಯಿಗೆ ಬಿದ್ದುಬಿಟ್ಟಿತ್ತು. ಅದನ್ನು ಬದಲಾಯಿಸಲು ಆಗಲೇ ಇಲ್ಲ.

ನಾನು ಹೆತ್ತದ್ದು 2018ರ ಆಗಸ್ಟ್‌ನಲ್ಲಿ, ವಾಕಡ್ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಏಳನೇ ತಿಂಗಳಲ್ಲೇ ಕೌಂಟರಿನ ಹುಡುಗಿ ಹೊಳೆಯುವ ರೇಟ್ ಕಾರ್ಡ್ ಕೈಗಿಟ್ಟಳು. ಜನರಲ್ ವಾರ್ಡ್, ಟ್ವಿನ್ ಶೇರಿಂಗ್, ಸಿಂಗಲ್, ಡೀಲಕ್ಸ್. ಗಮನಿಸಿ ಓದಿದಾಗ ಗೊತ್ತಾಯಿತು, ರೂಮು ದೊಡ್ಡದಾದರೆ ಬರೀ ರೂಮಿನ ಬಾಡಿಗೆ ಏರುವುದಿಲ್ಲ. ಡಾಕ್ಟರ ಫೀ, ಥಿಯೇಟರ್ ಚಾರ್ಜು, ಅರಿವಳಿಕೆಯವರ ಫೀ ಎಲ್ಲವೂ ಏರುತ್ತವೆ. ಅದೇ ಡಾಕ್ಟರು, ಅದೇ ಟೇಬಲ್ಲು, ಅದೇ ಹೊಲಿಗೆ. ಎಸಿ ಹಾಲಿನಲ್ಲಿ ಕೂತು ತಿಂದರೆ ಮಸಾಲೆ ದೋಸೆಗೆ ಜಾಸ್ತಿ ರೇಟು ಇರುತ್ತಲ್ಲ, ಹಾಗೆ. ನಾವು ಟ್ವಿನ್ ಶೇರಿಂಗ್ ತಗೊಂಡೆವು. ಕೊನೆಗೆ "ಬಳ್ಳಿ ಕುತ್ತಿಗೆಗೆ ಸುತ್ತಿದೆ, ರಿಸ್ಕ್ ತಗೊಳ್ಳೋದು ಬೇಡ" ಅಂದರು. ಸಿಸೇರಿಯನ್ ಆಯಿತು. ಬಿಲ್ಲು 1 ಲಕ್ಷ 12 ಸಾವಿರ. ಕಂಪನಿಯ ಇನ್ಶೂರೆನ್ಸ್ 50 ಸಾವಿರ ಕೊಟ್ಟಿತು.

ಬಳ್ಳಿ ಸುತ್ತಿದ ಎಷ್ಟೋ ಮಕ್ಕಳು ಸಹಜವಾಗಿಯೇ ಹುಟ್ಟುತ್ತವೆ ಅಂತ ಆಮೇಲೆ ಓದಿದೆ. ನನ್ನ ಆಪರೇಶನ್ ನಿಜಕ್ಕೂ ಬೇಕಿತ್ತೋ ಇಲ್ಲವೋ, ಅದು ನನಗೆ ಎಂದೂ ಗೊತ್ತಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಹೀಗಿದೆ: ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಹೆಂಗಸರ ದೇಹಗಳು ಅಷ್ಟೊಂದು ಬೇರೆ ಬೇರೆ ಇರಲು ಸಾಧ್ಯವಿಲ್ಲ, ಅಲ್ವಾ? ನಮಗೆ ಬೇಡದ ಕಡೆಯೂ ಕತ್ತರಿ ಬೀಳುತ್ತದೆ. ಬೇಕೇ ಬೇಕು ಅನ್ನುವ ಹೊತ್ತಿಗೆ ಇನ್ನೊಬ್ಬಳು ಟಂಟಂ ಆಟೋದಲ್ಲಿ ಕೂತು ದಾರಿಯಲ್ಲಿರುತ್ತಾಳೆ.

ನನಗೆ ರಜೆ 26 ವಾರ, ಪೂರ್ತಿ ಸಂಬಳದ್ದು. 2017ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪುಣ್ಯ. ಅದಕ್ಕೆ ಮುಂಚೆ 12 ವಾರ ಇತ್ತು. ಈ ಹೆರಿಗೆ ಸೌಲಭ್ಯದ ಕಾನೂನಿಗೆ ನಮ್ಮ ಈ ಸೀಮೆಯೇ ತವರು. ದೇಶದಲ್ಲೇ ಮೊದಲು ಇಂಥದ್ದೊಂದು ಕಾನೂನು ಬಂದದ್ದು ಮುಂಬಯಿ ಪ್ರಾಂತದಲ್ಲಿ, 1929ರಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರಿಗಾಗಿ. ಅದಕ್ಕೆ ಹಿಂದಿನ ವರ್ಷ ಪ್ರಾಂತದ ಶಾಸನಸಭೆಯಲ್ಲಿ ಅಂಬೇಡ್ಕರರು ಆ ಮಸೂದೆಯ ಪರವಾಗಿ ಮಾತಾಡಿದ್ದರು. ದುಡಿಯುವ ಹೆಂಗಸರಿಗೆ ಅಂತ ಹುಟ್ಟಿದ ಕಾನೂನು ಕೊನೆಗೆ ಪುಣೆಯ ಹಿಂಜವಡಿಯಲ್ಲಿರುವ ನನ್ನ ಎಸಿ ಆಫೀಸಿಗೆ ಬಂದು ಕೂತಿದೆ. ನಾನು ಅದರ ನೆರಳಲ್ಲಿ ಅಂಟಿನುಂಡೆ ತಿನ್ನುತ್ತಾ ಮಲಗಿದ್ದೆ.

ಮಾವ್ಶಿಯ ಮಗಳೂ ಆಗ ಬಸುರಿ.

ಅದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ದಿನಾ ನನ್ನ ಬೆನ್ನು ತಿಕ್ಕಿ, ಹೊಟ್ಟೆಗೆ ಹಳೇ ಸೀರೆಯ ಪಟ್ಟಿ ಬಿಗಿದು, ಕೂಸಿಗೆ ಲೋಬಾನದ ಹೊಗೆ ಹಾಕಿ ಹೋಗುತ್ತಿದ್ದವರು ಒಂದು ದಿನ ಸುಮ್ನೆ ಅಂದಂತೆ ಅಂದರು: "ನಮ್ಮಾಕಿಗೂ ಈಗ ಐದು ತುಂಬ್ಲಿಕ್ಕ ಬಂತ್ರಿ ಬಾಯಾರ." ಮಗಳಿಗೆ 21 ವಯಸ್ಸು. ಇದು ಎರಡನೆಯದು. ತಾಥವಡೆ ಕಡೆ ಕಟ್ಟಡದ ಕೆಲಸದಲ್ಲಿ ಅವಳೂ ಗಂಡನೂ ಇದ್ದರು. ಗಂಡನ ಕೂಲಿ ದಿನಕ್ಕೆ 500, ಅವಳದು 350. ಇಟ್ಟಿಗೆ, ಮರಳು ಹೊರುವ ಬಿಗಾರಿ ಕೆಲಸ. "ಈಗ ಭಾರ ಎತ್ತಾಂಗಿಲ್ರಿ, ಮುಕಾದಮ ಒಳ್ಳೇವ, ನೀರು ಹೊಡಿಯೋ ಕೆಲಸ ಕೊಟ್ಟಾನ" ಅಂದರು. ಮುಕಾದಮ ಅಂದರೆ ಆಳುಗಳ ಮೇಸ್ತ್ರಿ. ಕೆಲಸ, ಹೊಸ ಗೋಡೆಗೆ ಪೈಪಿನಿಂದ ನೀರು ಬಿಡುವುದು, ಅಷ್ಟೇ. ಅದನ್ನೇ ಅವರು ರಜೆ ಸಿಕ್ಕಷ್ಟು ಖುಷಿಯಿಂದ ಹೇಳಿದರು.

ಒಂದು ಸಲವೂ ತೋರಿಸಿಲ್ಲ ಅಂತ ತಿಳಿದಾಗ ನಾನೇ ಜೊತೆ ಹೊರಟೆ. ಡಿಸೆಂಬರ್ ಮೊದಲ ವಾರ. ಮಗುವನ್ನು ಅವ್ವನ ಹತ್ತಿರ ಬಿಟ್ಟು, ಪಾಲಿಕೆಯ ಒಂದು ಆಸ್ಪತ್ರೆಗೆ. ಅವರಿಬ್ಬರೂ ಬೆಳಿಗ್ಗೆ ಆರಕ್ಕೇ ಹೋಗಿ ಕೇಸ್ ಪೇಪರಿನ ಸಾಲಿನಲ್ಲಿ ನಿಂತಿದ್ದರು. ನಾನು ಒಂಬತ್ತಕ್ಕೆ ಆಟೋದಲ್ಲಿ ಇಳಿದೆ.

ಸಿಸ್ಟರ್ ಕೇಳಿದರು: "ಶೇವಟಚೀ ಪಾಳಿ ಕಧೀ ಆಲೀ?"

ಹುಡುಗಿ ಉತ್ತರ ಕೊಟ್ಟಳು, ಕನ್ನಡದಲ್ಲೇ: "ಮುಂಜಾನಿ ಆರಕ್ಕ ಬಂದು ನಿಂತೀವ್ರಿ."

ಮರಾಠಿಯಲ್ಲಿ ಪಾಳಿ ಅಂದರೆ ಮುಟ್ಟು. ನಮ್ಮ ಕಡೆ ಪಾಳಿ ಅಂದರೆ ಸರದಿ. ಕೊನೆಯ ಮುಟ್ಟು ಯಾವಾಗ ಅಂತ ಅವರು ಕೇಳಿದರೆ ಇವಳು ಸಾಲಿನ ಲೆಕ್ಕ ಕೊಟ್ಟಿದ್ದಳು. ನಾನು ಬಿಡಿಸಿ ಹೇಳಿದ ಮೇಲೆ ನಾಚಿಕೊಂಡು ನನ್ನ ಕಿವಿಯಲ್ಲಿ ಅಂದಳು, "ಕಾರಹುಣ್ಣಿಮಿ ಮುಂದ ಆಗಿದ್ದೆ ಬಾಯಾರ." ಕಾರಹುಣ್ಣಿಮೆ ಯಾವ ತಾರೀಕು ಅಂತ ನಾನು ಫೋನಿನಲ್ಲಿ ಹುಡುಕತೊಡಗಿದೆ. ಹುಡುಕುತ್ತಾ ಸಿಸ್ಟರಿಗೆ, ಜೂನಿನ ಹುಣ್ಣಿಮೆ, ಎತ್ತುಗಳನ್ನು ಓಡಿಸುವ ಹಬ್ಬ ಅಂತ ವಿವರಿಸಲು ಹೋದೆ. "ಮ್ಹಣಜೇ ವಟಪೌರ್ಣಿಮಾ" ಅಂದರು ಆಕೆ. ಮುತ್ತೈದೆಯರು ಆಲದ ಮರಕ್ಕೆ ನೂಲು ಸುತ್ತುವ ಅವರ ಹಬ್ಬವೂ ಅದೇ ಹುಣ್ಣಿಮೆಗೆ! ನನ್ನ ಫೋನು ಇನ್ನೂ ತಿರುಗುತ್ತಿತ್ತು. ಸಿಸ್ಟರ್ ಆಗಲೇ ತಾರೀಕು ಬರೆದು, ಬೆರಳಲ್ಲಿ ಎಣಿಸಿ, ಮಾರ್ಚ್ ಕೊನೆಗೆ ಹೆರಿಗೆ ಅಂತ ಗುರುತು ಹಾಕಿಯಾಗಿತ್ತು. ಆಕೆಯ ಮೇಲೆ ನನಗೆ ಯಾವ ದೂರೂ ಇಲ್ಲ. ಅಷ್ಟು ಹೊತ್ತಿಗೆ ನಮ್ಮ ಹಿಂದೆ ಇನ್ನೂ ಮೂವತ್ತು ಜನ ಇದ್ದರು.

ತೊಡಕು ಬಂದದ್ದು ವಿಳಾಸದಲ್ಲಿ. ಆಧಾರ್ ಸುರಪುರದ್ದು. ಇಲ್ಲಿಯ ವಿಳಾಸ ಬೇಕು ಅಂತ ಗುಮಾಸ್ತ ಪಟ್ಟು ಹಿಡಿದ. ನಿಯಮ ನೋಡಿದರೆ 2011ರಿಂದ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಇದೆ. ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಗೆ ತಪಾಸಣೆ, ಔಷಧಿ, ಹೆರಿಗೆ, ಬೇಕಾದರೆ ಸಿಸೇರಿಯನ್, ರಕ್ತ, ಊಟ, ಹೋಗಿಬರುವ ಗಾಡಿ, ಎಲ್ಲ ಪುಕ್ಕಟೆ. ಎಲ್ಲಿಯವಳು ಅಂತ ಕೇಳಿ ವಾಪಸ್ ಕಳಿಸಿ ಅಂತ ಅದರಲ್ಲಿಲ್ಲ. ಆದರೆ ಗುಮಾಸ್ತನ ರಿಜಿಸ್ಟರಿನಲ್ಲಿ ಒಂದು ಖಾನೆ ಇದೆ, ಅದು ತುಂಬಬೇಕು. ಕೊನೆಗೆ ಅವಳು ಕೆಲಸ ಮಾಡುವ ಪ್ರಾಜೆಕ್ಟಿನ ಹೆಸರನ್ನೇ ಬರೆಸಿದೆ. ಈಜುಕೊಳ, ಕ್ಲಬ್‌ಹೌಸ್ ಎಲ್ಲ ಇರುವ, ಇಂಗ್ಲಿಷ್ ಹೆಸರಿನ ಪ್ರಾಜೆಕ್ಟು. ಕಾಗದದ ಮೇಲೆ ಅವಳು ಅಲ್ಲಿಯ ನಿವಾಸಿ. ಇರುವುದು ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ.

ಹಿಮೋಗ್ಲೋಬಿನ್ 8.2 ಬಂತು. ಬಸುರಿಗೆ 11 ಆದರೂ ಇರಬೇಕು. ನನ್ನದು 10.6 ಇದ್ದಾಗ ನನ್ನ ಡಾಕ್ಟರು ಗಾಬರಿಯಾಗಿ ಎರಡು ಥರದ ಟಾನಿಕ್, ಡಯಟಿಶಿಯನ್ ಎಲ್ಲ ಹಚ್ಚಿದ್ದರು. ಇವಳಿಗೆ ಕಬ್ಬಿಣದ ಗುಳಿಗೆ ಕೊಟ್ಟು, "ಪಾಲೇಭಾಜಿ ಖಾ" ಅಂದರು. ಸೊಪ್ಪು ತಿನ್ನು ಅಂತ. ಮತ್ತೆ ಒಂದು ಕಾರ್ಡ್ ಕೊಟ್ಟರು. ನಮ್ಮಲ್ಲಿ ತಾಯಿ ಕಾರ್ಡ್ ಅಂತೀವಲ್ಲ, ಅದರ ಮರಾಠಿ ರೂಪ. ತೂಕ, ಬಿಪಿ, ರಕ್ತದ ಗುಂಪು, ಟಿಟಿ ಇಂಜೆಕ್ಷನ್, ಎಲ್ಲ ಅದರಲ್ಲಿ.

ಆ ಕಾರ್ಡನ್ನು ನಾನು ಇಸಿದುಕೊಂಡೆ.

ಇಸಿದುಕೊಂಡದ್ದು ಒಳ್ಳೆಯದಕ್ಕೇ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ ಕಾರ್ಮಿಕರಿಗೆ ಸಹಜ ಹೆರಿಗೆಗೆ 15 ಸಾವಿರ, ಸಿಸೇರಿಯನ್‌ಗೆ 20 ಸಾವಿರ ಸಹಾಯಧನ ಇದೆ. ಮೊದಲ ಎರಡು ಹೆರಿಗೆಗೆ. ನಾನೇ ಅರ್ಜಿ ತುಂಬಿಸಿಕೊಡ್ತೀನಿ, ಆಫೀಸಿನ ಹತ್ತಿರ ಝೆರಾಕ್ಸ್ ಮಾಡಿಸ್ತೀನಿ ಅಂದೆ. ಆದರೆ ನೋಂದಣಿಗೆ ಹಿಂದಿನ ವರ್ಷ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಬೇಕಾದವನು ಠೇಕೇದಾರ, ಅಂದರೆ ಗುತ್ತಿಗೆದಾರ. ಮುಕಾದಮ ಒಳ್ಳೆಯವನೇ, ನೀರು ಹೊಡೆಯುವ ಕೆಲಸ ಕೊಡುತ್ತಾನೆ. ಆದರೆ ಸಹಿಯ ಮಾತು ಬಂದಾಗ "ಸೇಟ್ ಬರ್ಲಿ, ಸೇಟ್ ಬರ್ಲಿ" ಅಂದ. ಒಮ್ಮೆ ಸಹಿ ಹಾಕಿದರೆ ಅವಳು ತನ್ನ ಕೆಲಸದವಳು ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಪಿಎಫ್, ರಜೆ ಎಲ್ಲ ಕೇಳಿದರೆ? ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಅಂತ ದಿಲ್ಲಿ ಪಾಲಿಕೆಯ ಹೆಣ್ಣಾಳುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆ ತೀರ್ಪನ್ನು ತಾಥವಡೆಯ ಮುಕಾದಮನಿಗೆ ಯಾರು ಓದಿ ಹೇಳುತ್ತಾರೆ? ನಾನಂತೂ ಹೇಳಲಿಲ್ಲ. ಎರಡು ಸಲ ಫೋನ್ ಮಾಡಿದೆ, ಅಷ್ಟೇ. ಕಾರ್ಡು ನನ್ನ ನೀಲಿ ಫೈಲಿನಲ್ಲಿ, ನನ್ನ ಡಿಸ್ಚಾರ್ಜ್ ಪೇಪರುಗಳ ನಡುವೆ ಉಳಿಯಿತು.

ಜನವರಿಯಲ್ಲಿ ಎಳ್ಳಮಾಸಿ ಬಂತು. ಆ ಕಡೆಯವರಿಗೆ ಎಳ್ಳ ಅಮಾವಾಸ್ಯೆ ಅಂದರೆ ಊರಿಗೆ ಹೋಗಲೇಬೇಕು. ಹೊಲದಲ್ಲಿ ಚರಗ ಚೆಲ್ಲಬೇಕು, ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಉಣ್ಣಬೇಕು. ಶೆಡ್ಡಿನ ಜನವೆಲ್ಲ ಒಂದೇ ಗಾಡಿ ಮಾಡಿಕೊಂಡು ರಾತ್ರೋರಾತ್ರಿ ಹೊರಟರು. ಅವಳಿಗೂ ಏಳು ತುಂಬುತ್ತಿತ್ತು. ಇನ್ನು ಹೆರಿಗೆ ಊರಲ್ಲೇ ಆಗಲಿ ಅಂತ ಗಂಡ ಅವಳನ್ನೂ ಕಳಿಸಿದ. ಕಾರ್ಡಿನ ನೆನಪು ಯಾರಿಗೂ ಆಗಲಿಲ್ಲ. ನನಗೂ.

ಬಸುರಿಯನ್ನು ತವರಿಗೆ ಕಳಿಸುವ ನಮ್ಮ ಪದ್ಧತಿಯ ಬಗ್ಗೆ ನಾನು ಆಮೇಲೆ ತುಂಬಾ ಯೋಚಿಸಿದ್ದೇನೆ. ನನ್ನಂಥವರಿಗೆ ಅದೀಗ ತಿರುಗುಮುರುಗು ಆಗಿದೆ. ನಾನು ಧಾರವಾಡಕ್ಕೆ ಹೋಗಲಿಲ್ಲ. ಅವ್ವನೇ ಅಳವಿ, ಅಂಟು, ಕೊಬ್ಬರಿಯ ಗಂಟು ಕಟ್ಟಿಕೊಂಡು ಪುಣೆಗೆ ಬಂದಳು. ತೋರಿಸುತ್ತಿದ್ದ ಡಾಕ್ಟರು ಬದಲಾಗಲಿಲ್ಲ. ಆ ಹುಡುಗಿಗೆ ನಡುವೆಯೇ ಎಲ್ಲ ಬದಲಾಯಿತು: ಭಾಷೆ, ಕಾರ್ಡು, ಆಶಾ ಕಾರ್ಯಕರ್ತೆ, ಆಸ್ಪತ್ರೆ. ಹೆರಿಗೆಯಲ್ಲಿ ಸಾಯುವ ತಾಯಂದಿರ ಸರ್ಕಾರಿ ಲೆಕ್ಕ, 2018-20ರದ್ದು, ಒಂದು ಲಕ್ಷ ಜೀವಂತ ಜನನಕ್ಕೆ ಮಹಾರಾಷ್ಟ್ರದಲ್ಲಿ 33. ಕರ್ನಾಟಕದಲ್ಲಿ 69. ತವರು ಅಂದರೆ ಸುರಕ್ಷಿತ ಜಾಗ ಅಂತ ನಾವು ತಿಳಿದಿರುತ್ತೇವೆ. ಆ ವ್ಯಾನು ಅವಳನ್ನು 33ರಿಂದ 69ಕ್ಕೆ ಒಯ್ದಿತ್ತು.

ಇನ್ನೂ ಒಂದು ಮಾತು ಹೇಳಿಬಿಡಬೇಕು. ತವರಿಗೆ ಹೋದಳು ಅಂದೆನಲ್ಲ, ಅಲ್ಲಿ ತಾಯಿಯೇ ಇರಲಿಲ್ಲ. ತಾಯಿ ನನ್ನ ಮನೆಯಲ್ಲಿದ್ದರು.

ಫೆಬ್ರುವರಿ ಮಧ್ಯದಲ್ಲಿ ನನ್ನ ರಜೆ ಮುಗಿಯಿತು. ಅವ್ವ ಧಾರವಾಡಕ್ಕೆ ಹೊರಟಳು. ಆಫೀಸಿನ ಶಿಶುಮನೆಗೆ ಬಿಡಲು ಮಗು ಇನ್ನೂ ಚಿಕ್ಕದು ಅನ್ನಿಸಿತು. ಮಾವ್ಶಿಯನ್ನೇ ಬೆಳಿಗ್ಗೆಯಿಂದ ಸಂಜೆವರೆಗೆ ಇರಲು ಕೇಳಿದೆ. ಒಪ್ಪಿದರು. ಮಾರ್ಚ್ ಬಂದಾಗ ಊರಿಗೆ ಹೋಗ್ತೀನಿ ಅಂದರು. ಮಾರ್ಚ್ ಕೊನೆಗೆ ಆಫೀಸಿನಲ್ಲಿ ನಮ್ಮ ಪ್ರಾಜೆಕ್ಟಿನ ರಿಲೀಸ್ ಇತ್ತು. "ಒಂದು ತಿಂಗಳು ನೋಡಿ ಮಾವ್ಶಿ, ಏಪ್ರಿಲ್‌ನಲ್ಲಿ ಹೋಗಿ. ಐನೂರು ಜಾಸ್ತಿ ಕೊಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. "ಆಗ್ಲೇಳ್ರಿ. ಅಲ್ಲಿ ಮುದುಕಿ ಅದಾಳ, ನೋಡ್ಕೊಂತಾಳ" ಅಂದರು. ಮುದುಕಿ ಅಂದರೆ ಅವರ ತಾಯಿ. ಎಪ್ಪತ್ತು ದಾಟಿದವರು.

ಹೆರಿಗೆ ಹೋಳಿಹುಣ್ಣಿಮೆ ಆದ ನಾಲ್ಕೈದು ದಿನಕ್ಕೆ ಆಯಿತು. ಆ ಸುದ್ದಿ ಬಂದಾಗ ಮಾವ್ಶಿ ನನ್ನ ಮಗಳಿಗೆ ರಾಗಿ ಗಂಜಿ ತಿನ್ನಿಸುತ್ತಿದ್ದರು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಚಮಚ ನಿಲ್ಲಿಸದೇ ಕೇಳಿದರು. ಹೆಣ್ಣು. 2 ಕೆಜಿ 100 ಗ್ರಾಂ. ನನ್ನ ಮಗಳು ಹುಟ್ಟಿದಾಗ ಇದ್ದದ್ದು 3 ಕೆಜಿ 200. ತೊಟ್ಟಿಲಿಗೆ ಅಂತ ಮಾವ್ಶಿ ಏಪ್ರಿಲ್‌ನಲ್ಲಿ ನಾಲ್ಕು ದಿನ ಹೋಗಿಬಂದರು. ಆಗ ಪೂರ್ತಿ ಕತೆ ಗೊತ್ತಾಯಿತು. ನೋವು ಶುರುವಾಗಿ 108ರಲ್ಲಿ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಾರೆ. ತಾಯಿ ಕಾರ್ಡ್ ಎಲ್ಲಿ ಅಂದಿದ್ದಾರೆ. ಇಲ್ಲ. ರಕ್ತದ ಗುಂಪು? ಗೊತ್ತಿಲ್ಲ. ಮತ್ತೆ ಪರೀಕ್ಷೆ, ಬೈಗಳ, "ಒಂಬತ್ತು ತಿಂಗಳು ಏನ್ ಮಾಡ್ತಿದ್ದಿ?" ಹುಡುಗಿ ಅತ್ತುಕೊಂಡು, ಪುಣೆಯಲ್ಲಿ ತೋರಿಸಿದ್ದೆ, ಬಾಯಾರ ಹತ್ತಿರ ಕಾರ್ಡ್ ಇದೆ ಅಂದಿದ್ದಾಳೆ. ಯಾರು ನಂಬುತ್ತಾರೆ? ಹೆರಿಗೆ ಸಲೀಸಾಗಿ ಆಯಿತು, ಪುಣ್ಯ. ಕೂಸನ್ನು ತೋರಿಸಲು ಆಯಾ ದುಡ್ಡು ಕೇಳಿದಳಂತೆ. ಗಂಡಾದರೆ ಐನೂರು. "ಹೆಣ್ಣಂತ ಹೇಳಿ ಇನ್ನೂರು ಕಡಿಮಿ ತಗೊಂಡಾಳ್ರಿ" ಅಂತ ಮಾವ್ಶಿ ನಕ್ಕರು.

ನಾನು ಫೈಲಿನಿಂದ ಕಾರ್ಡ್ ತೆಗೆದು ತೋರಿಸಿ, ತಪ್ಪಾಯಿತು ಅಂದೆ. "ಕಾರ್ಡ್ ಇಲ್ಲಂತ ಹಡಿಯೋದು ನಿಲ್ತದೇನ್ರಿ ಬಾಯಾರ" ಅಂದರು. ನನ್ನನ್ನು ಸಮಾಧಾನ ಮಾಡಲು ಅಂದದ್ದು. ಆ 8.2ರ ನೆತ್ತರಿನಲ್ಲಿ ಹೆಚ್ಚು ರಕ್ತಸ್ರಾವ ಆಗಿದ್ದರೆ, ಗುಂಪೂ ಗೊತ್ತಿಲ್ಲದೇ ಏನಾಗುತ್ತಿತ್ತು ಅಂತ ನಾನೇ ಲೆಕ್ಕ ಹಾಕುತ್ತಾ ಕೂತೆ.

ಜನನಿ ಸುರಕ್ಷಾ ಯೋಜನೆ ಅಂತ 2005ರಿಂದ ಇದೆ. ನಮ್ಮಂಥ ರಾಜ್ಯಗಳಲ್ಲಿ ಬಡ ತಾಯಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ. ಅವಳ ಎರಡು ದಿನದ ಕೂಲಿ. 40 ದಿನ ಬಾಣಂತನ ಮಾಡಿಸಿಕೊಂಡರೆ ಅವಳು ಕಳೆದುಕೊಳ್ಳುವುದು 14 ಸಾವಿರ. ಹೀಗಾಗಿ ಕೂಸಿಗೆ ಎರಡು ತಿಂಗಳು ತುಂಬುವ ಮೊದಲೇ, ಮೇ ತಿಂಗಳ ಬಿಸಿಲಲ್ಲಿ, ಅವಳು ತಾಥವಡೆಗೆ ವಾಪಸ್ ಬಂದಳು. ನಾನು ಒಮ್ಮೆ ಹೋಗಿ ನೋಡಿದೆ. ನೆಲಮಹಡಿಯ ಎರಡು ಕಂಬಗಳಿಗೆ ಸೀರೆಯ ಜೋಳಿಗೆ ಕಟ್ಟಿದ್ದರು. ದೊಡ್ಡವನು, ಮೂರು ವರ್ಷದವನು, ತೂಗುತ್ತಿದ್ದ. ಮೇಲೆ ಕಟರ್ ಮಷಿನ್ ಕಿರುಚುತ್ತಿತ್ತು. ಕಟ್ಟಡದ ಕೆಲಸದಲ್ಲಿ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಮನೆ ಇರಬೇಕು ಅಂತ ಆಗ ಜಾರಿಯಲ್ಲಿದ್ದ 1996ರ ಕಾನೂನು ಹೇಳುತ್ತಿತ್ತು. ಅಲ್ಲಿದ್ದದ್ದು ಹದಿನೆಂಟು ಹೆಂಗಸರು. ನನ್ನ ಆಫೀಸಿಗೆ ಅನ್ವಯಿಸುತ್ತಿದ್ದ ಕಾನೂನಲ್ಲೂ ಅದೇ 50, ಆದರೆ ಅಲ್ಲಿ ಗಂಡಸರನ್ನೂ ಎಣಿಸುತ್ತಿದ್ದರು. ಬೊಂಬೆ ಚಿತ್ರ ಬರೆದ ಗೋಡೆ, ಸಿಸಿಟಿವಿ ಎಲ್ಲ ಇರುವ ಶಿಶುಮನೆಗೆ ನನ್ನ ಮಗಳು ಆಗ ಹೋಗತೊಡಗಿದ್ದಳು.

2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲ ಆಯಿತು, ನಿಮಗೂ ನೆನಪಿರಬಹುದು. ಅವಳಿ ಮಕ್ಕಳ ಬಸುರಿಗೆ ಒಂದು ಟ್ರಸ್ಟ್ ಆಸ್ಪತ್ರೆ 10 ಲಕ್ಷ ಮುಂಗಡ ಕೇಳಿತು ಅನ್ನುವ ಆರೋಪ. ಬೇರೆ ಕಡೆ ಹೆತ್ತ ಆಕೆ ಉಳಿಯಲಿಲ್ಲ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಅದೇ ಮಾತು. ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನೊಂದು ಶೇ. 10 ಅರ್ಧ ದರದಲ್ಲಿ ಕೊಡಬೇಕು ಅಂತ ಬಾಂಬೆ ಹೈಕೋರ್ಟ್ ಒಪ್ಪಿದ ಯೋಜನೆ 2006ರಿಂದ ಇದೆ. ಅದು ಗೊತ್ತಾದದ್ದೇ ಆಗ, ಎಷ್ಟೋ ಜನಕ್ಕೆ. ಗುಂಪಿನಲ್ಲಿ ಯಾರೋ ಬರೆದರು, ನಮ್ಮಂಥವರಿಗೇ ಹೀಗಾದರೆ ಬಡವರ ಗತಿ ಏನು ಅಂತ. ನನಗೆ ಆ 'ನಮ್ಮಂಥವರಿಗೇ' ಅನ್ನೋದು ಸ್ವಲ್ಪ ಚುಚ್ಚಿತು. ಉತ್ತರ ಬರೆಯಲು ಹೋಗಿ ಅಳಿಸಿದೆ.

ಅದೇ ವಾರ ಲಿಫ್ಟಿನ ಹತ್ತಿರ ಮಾವ್ಶಿಯ ಮಗಳು ಸಿಕ್ಕಳು. ಕಟ್ಟಡದ ಕೆಲಸ ಬಿಟ್ಟು ಎರಡು ವರ್ಷ ಆಯಿತಂತೆ. ಸೊಂಟ ನೋವು. ಈಗ ತಾಯಿಯ ಕಸುಬು. ಹನ್ನೊಂದನೇ ಮಹಡಿಯಲ್ಲಿ ಬಾಣಂತಿ ಇದ್ದಾಳೆ, ಸಿಸೇರಿಯನ್, ಹೊಲಿಗೆ ಹಸಿ ಇರುವುದರಿಂದ ಈಗ ಬರೀ ಕೂಸಿಗೆ ಎಣ್ಣೆ-ನೀರು ಅಂದಳು. ಮಗಳು ಊರಲ್ಲಿ, ಕನ್ನಡ ಸಾಲಿಯಲ್ಲಿ. ಬರುವ ಜೂನ್‌ಗೆ ಒಂದನೇತ್ತೆ.

"ನಿನ್ನ ಕಾರ್ಡ್ ಇನ್ನೂ ನನ್ನ ಹತ್ರಾನೇ ಇದೆ ನೋಡು" ಅಂದೆ.

"ಯಾವ ಕಾರ್ಡ್ರಿ?" ಅಂದಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಹೇಳಿದ ಮೇಲೆ ಹಣೆ ಚಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ಅವಳ ಫೋನು ಹೊಡೆಯಿತು. ಮೇಲಿನಿಂದ, ನೀರು ಕಾದಿದೆ ಅಂತ. "ಬರ್ತೀನ್ರಿ ಬಾಯಾರ, ಕೂಸು ಅಳ್ಲಿಕ್ಕತ್ತದಂತ" ಅಂತ ಚಪ್ಪಲಿ ಸದ್ದು ಮಾಡುತ್ತಾ ಹಿಂದಿನ ಸರ್ವಿಸ್ ಲಿಫ್ಟಿನ ಕಡೆ ಓಡಿದಳು.